ನೇರ ಮಾರಾಟದ ನಿಯಮ: ಹೊರೆ ಕಂಪನಿಯ ಮೇಲಿರಲಿ, ಮಾರುವವರ ಮೇಲಲ್ಲ

2025ರ ಜನವರಿಯಲ್ಲಿ ವ್ಯಾಪಾರದಲ್ಲಿನ ಮೋಸವನ್ನು ತಡೆಯುವ ಅಮೆರಿಕದ ಸರ್ಕಾರಿ ಆಯೋಗ ಫೆಡರಲ್ ಟ್ರೇಡ್ ಕಮಿಷನ್, ಅಂದರೆ ಎಫ್‌ಟಿಸಿ, ಬಹುಹಂತದ ನೇರ ಮಾರಾಟ ಕಂಪನಿಗಳ ಬಗ್ಗೆ ಒಂದು ಹೊಸ ನಿಯಮದ ಪ್ರಸ್ತಾವ ಮುಂದಿಟ್ಟಿತು. ‘ಇದಕ್ಕೆ ಸೇರಿದರೆ ಇಷ್ಟು ದುಡಿಯಬಹುದು’ ಅಂತ ಹೇಳುವುದಾದರೆ ಅದಕ್ಕೆ ಲಿಖಿತ ಪುರಾವೆ ಇರಬೇಕು, ಕೇಳಿದವರಿಗೆ ಅದನ್ನು ಕೊಡಬೇಕು ಎನ್ನುವುದು ಅದರ ತಿರುಳು. ಅದರ ಬೆನ್ನಿಗೇ ಹಳೆಯ ಜಗಳ ಮತ್ತೆ ಶುರುವಾಯಿತು. ಈ ವ್ಯಾಪಾರಕ್ಕೆ ಸರ್ಕಾರದ ಲಗಾಮು ಬೇಕೇ, ಬೇಕಿದ್ದರೆ ಎಷ್ಟು, ಅದನ್ನು ಯಾರಿಗೆ ಹಾಕಬೇಕು?

ನನ್ನ ನಿಲುವು ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಮಾರುವ ವ್ಯಕ್ತಿಯ ಕೈಗೆ ಕಾಗದದ ಕಟ್ಟು ಕೊಟ್ಟು, ಇಷ್ಟು ದಿನ ಕಾಯಿ ಅಂತ ಹೇಳಿ, ಪರವಾನಗಿ ಕೇಳುವ ನಿಯಮಗಳಿಗೆ ನನ್ನ ವಿರೋಧವಿದೆ. ಅವು ಮೋಸಗಾರನನ್ನು ಮುಟ್ಟುವುದಿಲ್ಲ, ಬಿಡುವಿನ ವೇಳೆಯಲ್ಲಿ ನಾಲ್ಕು ಕಾಸು ದುಡಿಯುವವರನ್ನು ಮಾತ್ರ ಹೊರದಬ್ಬುತ್ತವೆ. ಆದರೆ ಕಂಪನಿಯ ಲೆಕ್ಕ ಬಯಲಿಗೆ ಬರಬೇಕು ಎನ್ನುವ ನಿಯಮವನ್ನೂ ಅದೇ ಉಸಿರಿನಲ್ಲಿ ವಿರೋಧಿಸುವುದು ಸರಿಯಲ್ಲ. ಉದ್ಯಮದ ಸಂಘಟನೆಗಳು ಎರಡನ್ನೂ ಒಂದೇ ಗಂಟು ಕಟ್ಟಿ ಮಂಡಿಸುತ್ತಾ ಬಂದಿವೆ. ಆ ಗಂಟು ಬಿಚ್ಚಿ ನೋಡಬೇಕು ಅನ್ನುವುದೇ ಈ ಲೇಖನದ ಉದ್ದೇಶ.

ಮೊದಲು ಯಾವುದರ ಬಗ್ಗೆ ಮಾತಾಡುತ್ತಿದ್ದೇವೆ ಅನ್ನುವುದು ಸ್ಪಷ್ಟವಾಗಲಿ. ಅಂಗಡಿ ಇಲ್ಲದೆ, ಒಬ್ಬರು ಇನ್ನೊಬ್ಬರ ಎದುರು ಕೂತು ಮಾಲು ಮಾರುವುದು ನೇರ ಮಾರಾಟ. ಮಾರಿದ್ದಕ್ಕೆ ಲಾಭ ಅಥವಾ ಕಮಿಷನ್. ಇದರಲ್ಲಿ ತಕರಾರು ಏನೂ ಇಲ್ಲ. ಬಹುಹಂತದ ಪದ್ಧತಿಯಲ್ಲಿ ನೀವು ಸೇರಿಸಿದವರು, ಅವರು ಸೇರಿಸಿದವರು ಮಾಡಿದ ವ್ಯಾಪಾರದ ಮೇಲೂ ನಿಮಗೆ ಪಾಲು ಬರುತ್ತದೆ. ಇಲ್ಲೂ ಮಾಲು ನಿಜವಾಗಿ ಹೊರಗಿನ ಗಿರಾಕಿಗೆ ಹೋಗುತ್ತಿದ್ದರೆ ವ್ಯಾಪಾರ ವ್ಯಾಪಾರವೇ. ಪಿರಮಿಡ್ ಸ್ಕೀಮ್, ಅಂದರೆ ಜನ ಚೈನ್ ಸ್ಕೀಮ್ ಅನ್ನುವುದು, ಬೇರೆ. ಅಲ್ಲಿ ಮೇಲಿನವರ ಜೇಬಿಗೆ ಬೀಳುವ ದುಡ್ಡು ಗಿರಾಕಿಯಿಂದ ಬಂದದ್ದಲ್ಲ, ಹೊಸದಾಗಿ ಸೇರಿದವರು ಕಟ್ಟಿದ್ದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಅದೇ ಮೀಟಿಂಗ್, ಸೇರುವಾಗ ಕೊಳ್ಳುವ ಅದೇ ಕಿಟ್, ಅದೇ ಅಪ್‌ಲೈನ್ (ಸೇರಿಸಿದ ಮೇಲಿನವರು), ಡೌನ್‌ಲೈನ್ (ಸೇರಿದ ಕೆಳಗಿನವರು). ದುಡ್ಡು ಎಲ್ಲಿಂದ ಬಂತು ಅನ್ನುವುದನ್ನು ನೋಡದ ಹೊರತು ವ್ಯತ್ಯಾಸ ಗೊತ್ತಾಗುವುದಿಲ್ಲ.

ಚೈನ್ ಯಾಕೆ ಮುರಿದೇ ಮುರಿಯುತ್ತದೆ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಒಬ್ಬೊಬ್ಬರೂ ಆರು ಜನರನ್ನು ಸೇರಿಸಬೇಕು ಅಂತಿಟ್ಟುಕೊಳ್ಳಿ. 6, 36, 216, 1,296 ಹೀಗೆ ಬೆಳೆದು ಹದಿಮೂರನೇ ಹಂತಕ್ಕೆ ಸುಮಾರು 1,306 ಕೋಟಿ ಜನ ಬೇಕಾಗುತ್ತಾರೆ. ಭೂಮಿಯ ಮೇಲೆ ಅಷ್ಟು ಜನರೇ ಇಲ್ಲ. ಹಾಗಂತ ಜನ ಮುಗಿಯುವವರೆಗೂ ಕಾಯಬೇಕಾಗಿಲ್ಲ. ಈ ಮರ ಯಾವ ಹಂತದಲ್ಲಿ ನಿಂತರೂ, ನಿಂತ ಕ್ಷಣದಲ್ಲಿ ನೂರಕ್ಕೆ ಸುಮಾರು 83 ಜನ ಕೊನೆಯ ಸಾಲಿನಲ್ಲಿರುತ್ತಾರೆ, ಅವರ ಕೆಳಗೆ ಯಾರೂ ಇರುವುದಿಲ್ಲ. ಅವರು ಸೋಮಾರಿಗಳು, ಅವರಿಗೆ ಛಲ ಇರಲಿಲ್ಲ ಅನ್ನುವ ಮಾತು ಸುಳ್ಳು. ಹೊರಗಿನ ಗಿರಾಕಿ ಇಲ್ಲದ ಕಡೆ ಅವರ ನಷ್ಟವೇ ಮೇಲಿನವರ ಆದಾಯ.

ಈ ಗೆರೆಯನ್ನು ಕಾನೂನು ಹೊಸದಾಗಿ ಎಳೆಯಬೇಕಾಗಿಲ್ಲ. ಕಾಸ್ಕಾಟ್ ಎಂಬ ಸೌಂದರ್ಯ ಸಾಮಗ್ರಿ ಕಂಪನಿಯ 1975ರ ಪ್ರಕರಣದಲ್ಲೇ ಎಫ್‌ಟಿಸಿ ಅದನ್ನು ಎಳೆದಿದೆ. ದುಡ್ಡು ಕೊಟ್ಟು ಮಾರುವ ಹಕ್ಕನ್ನು ಪಡೆಯುವುದು, ಜೊತೆಗೆ ಮಾಲಿನ ಮಾರಾಟಕ್ಕೆ ಸಂಬಂಧವೇ ಇಲ್ಲದೆ ಬರೀ ಜನ ಸೇರಿಸಿದ್ದಕ್ಕೆ ಪ್ರತಿಫಲ ಪಡೆಯುವ ಹಕ್ಕನ್ನೂ ಕೊಳ್ಳುವುದು, ಇವೆರಡೂ ಕೂಡಿದರೆ ಅದು ಪಿರಮಿಡ್. ನಾಲ್ಕು ವರ್ಷದ ನಂತರ, 1979ರಲ್ಲಿ, ಆಮ್‌ವೇ ಪ್ರಕರಣದಲ್ಲಿ ಅದೇ ಆಯೋಗ ಇದು ಪಿರಮಿಡ್ ಅಲ್ಲ ಅಂತ ತೀರ್ಮಾನಿಸಿತು. ಕಾರಣ, ಆ ಕಂಪನಿಯಲ್ಲಿ ಮೂರು ಕಟ್ಟುಪಾಡು ಇದ್ದವು. ಮಾರಾಟವಾಗದ ಮಾಲನ್ನು ವಾಪಸ್ ಕೊಳ್ಳಬೇಕು, ಖರೀದಿಸಿದ್ದರಲ್ಲಿ 70 ಶೇಕಡಾ ಮಾರಿರಬೇಕು, ತಿಂಗಳಿಗೆ ಹತ್ತು ಗಿರಾಕಿಗಳಿಗಾದರೂ ಮಾರಿದ್ದನ್ನು ತೋರಿಸಬೇಕು. ಅದೇ ತೀರ್ಪಿನಲ್ಲಿ ಬೆಲೆ ನಿಗದಿ ಮಾಡುವುದನ್ನು ಮತ್ತು ಆದಾಯದ ಬಗ್ಗೆ ಉತ್ಪ್ರೇಕ್ಷೆಯ ಮಾತಾಡುವುದನ್ನು ನಿಲ್ಲಿಸಿ ಅಂತ ಆದೇಶವೂ ಆಗಿತ್ತು. ಉದ್ಯಮದವರು ಮೊದಲ ಭಾಗವನ್ನು ಮಾತ್ರ ನೆನಪಿಸುತ್ತಾರೆ, ಎರಡನೆಯದನ್ನು ಬಿಟ್ಟುಬಿಡುತ್ತಾರೆ. 1996ರಲ್ಲಿ ಓಮ್ನಿಟ್ರಿಷನ್ ಎಂಬ ಇಂಥದ್ದೇ ಕಂಪನಿಯ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಇನ್ನೊಂದು ಮಾತು ಸೇರಿಸಿತು. ಇಂಥ ಕಟ್ಟುಪಾಡುಗಳು ಪುಸ್ತಕದಲ್ಲಿ ಇದ್ದರೆ ಸಾಲದು, ಅವು ನಿಜಕ್ಕೂ ಜಾರಿಯಾಗುತ್ತಿವೆ, ಕೆಲಸ ಮಾಡುತ್ತಿವೆ ಅಂತ ಕಾಣಬೇಕು.

ಈಗ ನಾನು ವಿರೋಧಿಸುವ ಬಗೆಯ ನಿಯಮಕ್ಕೆ ಬರೋಣ. ಅದಕ್ಕೆ ಅತ್ಯುತ್ತಮ ಉದಾಹರಣೆ 2006ರ ಏಪ್ರಿಲ್‌ನಲ್ಲಿ ಎಫ್‌ಟಿಸಿ ತಂದ ‘ವ್ಯಾಪಾರ ಅವಕಾಶ ನಿಯಮ’ದ ಕರಡು. ಅದಕ್ಕೂ ಮೊದಲು 1970ರ ದಶಕದ ಕೊನೆಯಲ್ಲಿ ಬಂದಿದ್ದ ಫ್ರಾಂಚೈಸಿ ನಿಯಮ ಇತ್ತು, ಅಂದರೆ ಇನ್ನೊಂದು ಕಂಪನಿಯ ಹೆಸರಿನಲ್ಲಿ ವ್ಯಾಪಾರ ಮಾಡುವ ಹಕ್ಕನ್ನು ಮಾರುವವರಿಗೆ ಹಾಕಿದ ನಿಯಮ. ಮೊದಲ ಆರು ತಿಂಗಳಲ್ಲಿ 500 ಡಾಲರ್‌ಗಿಂತ ಕಡಿಮೆ ಹಾಕುವ ವ್ಯವಹಾರಗಳಿಗೆ ಅದರಿಂದ ವಿನಾಯಿತಿ ಇತ್ತು. ಸ್ಟಾರ್ಟರ್ ಕಿಟ್‌ನ ಬೆಲೆ ಸಾಮಾನ್ಯವಾಗಿ ಅದಕ್ಕಿಂತ ತುಂಬಾ ಕಡಿಮೆ ಇರುವುದರಿಂದ ನೇರ ಮಾರಾಟದವರು ಅದರ ಬಲೆಯಿಂದ ಹೊರಗಿದ್ದರು. ಹೊಸ ಕರಡು ಆ 500 ಡಾಲರ್ ಗೆರೆಯನ್ನೇ ಅಳಿಸಿ ಹಾಕಿತು.

ಕರಡಿನಲ್ಲಿ ಏನಿತ್ತು ಅಂತ ಒಬ್ಬ ಮಾರಾಟಗಾರ್ತಿಯ ಕಡೆಯಿಂದ ನೋಡಿ. ಅವಳು ಮನೆಗೆಲಸ ಮುಗಿಸಿ, ಸಂಜೆ ಹೊತ್ತು ಪರಿಚಯದವರಿಗೆ ಕ್ರೀಮು, ಸೋಪು ಮಾರುತ್ತಾಳೆ. ಗೆಳತಿಯೊಬ್ಬಳು ‘ನಾನೂ ಸೇರುತ್ತೇನೆ ಕಣೇ, ನನಗೂ ರಿಯಾಯಿತಿಯಲ್ಲಿ ಸಿಗುತ್ತೆ ಅಲ್ವಾ’ ಅನ್ನುತ್ತಾಳೆ. ಆ ಕರಡಿನ ಪ್ರಕಾರ ಅವಳು ಆ ಗೆಳತಿಗೆ ಒಂದು ಲಿಖಿತ ಪ್ರಕಟಣೆ ಕೊಡಬೇಕು. ಕೊಟ್ಟ ದಿನದಿಂದ ಏಳು ದಿನ ಕಾಯಬೇಕು. ಆ ಏಳು ದಿನ ಸಹಿ ಹಾಕಿಸುವ ಹಾಗಿಲ್ಲ, ದುಡ್ಡು ಮುಟ್ಟುವ ಹಾಗಿಲ್ಲ. ಆ ಕಾಗದದಲ್ಲಿ ಹಿಂದಿನ ಹತ್ತು ವರ್ಷದಲ್ಲಿ ವಂಚನೆ, ತಪ್ಪು ಮಾಹಿತಿ ಇಂಥ ಆರೋಪದ ಮೇಲೆ ಆದ ಮೊಕದ್ದಮೆಗಳ ಪಟ್ಟಿ ಇರಬೇಕು. ಕೇಸು ಗೆದ್ದಿದ್ದರೂ ಪಟ್ಟಿಯಲ್ಲಿ ಹೆಸರು ಬರುತ್ತದೆ. ಹಿಂದಿನ ಎರಡು ವರ್ಷದಲ್ಲಿ ಎಷ್ಟು ಜನ ರದ್ದು ಮಾಡಿ ದುಡ್ಡು ವಾಪಸ್ ಕೇಳಿದರು ಅನ್ನುವ ಸಂಖ್ಯೆ ಬೇಕು. ಇಷ್ಟೂ ಆದ ಮೇಲೆ ಈಗಾಗಲೇ ಸೇರಿರುವವರ ಪೈಕಿ ಆ ಗೆಳತಿಗೆ ಹತ್ತಿರದಲ್ಲಿರುವ ಹತ್ತು ಜನರ ಹೆಸರು, ಫೋನ್ ನಂಬರ್ ಕೊಡಬೇಕು.

ಕೊನೆಯ ಷರತ್ತನ್ನು ಸ್ವಲ್ಪ ನಿಂತು ನೋಡಬೇಕು. ಆ ಹತ್ತು ಜನ ಯಾರು? ಅವಳಂಥವರೇ ಇತರ ಹೆಂಗಸರು, ನಿವೃತ್ತರು, ಓದುವ ಹುಡುಗರು. ಅವರ ಫೋನ್ ನಂಬರ್ ಪ್ರತಿ ಹೊಸ ಅಭ್ಯರ್ಥಿಯ ಕೈಗೂ ಹೋಗುತ್ತದೆ. ದೊಡ್ಡ ಯಂತ್ರ ಕೊಂಡು ಅಂಗಡಿ ಹಾಕುವವನಿಗೆ ಹಳೆಯ ಖರೀದಿದಾರರ ನಂಬರ್ ಕೊಡುವುದರಲ್ಲಿ ಅರ್ಥವಿದೆ, ಯಾಕೆಂದರೆ ಅಲ್ಲಿ ಎರಡೂ ಕಡೆಯವರು ವ್ಯಾಪಾರಸ್ಥರು. ಇಲ್ಲಿ ಮನೆಯ ನಂಬರ್, ಅಪರಿಚಿತರ ಕೈಗೆ. ಮೇಲಾಗಿ ಇದರ ಲಾಭ ಯಾರಿಗೆ ಗೊತ್ತಾ? ಬೇರೆ ಕಂಪನಿಯ ಲೀಡರ್‌ಗಳಿಗೆ. ಸೇರುತ್ತೇನೆ ಅಂತ ಸುಮ್ನೆ ನಾಟಕ ಆಡಿದರೆ ಸಾಕು, ಎದುರಾಳಿಯ ತಂಡದ ಹತ್ತು ಜನರ ಸಂಪರ್ಕ ಪುಕ್ಕಟೆ ಸಿಕ್ಕಿತು.

ಏಳು ದಿನದ ಕಾಯುವಿಕೆ ಕೇಳಲು ಚೆನ್ನಾಗಿದೆ. ಯೋಚಿಸಲು ಸಮಯ ಸಿಗುತ್ತದೆ ಅನ್ನುವುದು ಅದರ ಹಿಂದಿನ ತರ್ಕ. ಆದರೆ ಒಂದು ಸಣ್ಣ ಕಿಟ್‌ಗೆ, ಬೇಡವಾದರೆ ವಾಪಸ್ ಮಾಡಬಹುದಾದ ಮಾಲಿಗೆ, ಒಂದು ವಾರ ತಡೆ ಅಂದರೆ ಎದುರಿನವರಿಗೆ ಹೋಗುವ ಸಂದೇಶ ಏನು? ಇದರಲ್ಲಿ ಏನೋ ಅಪಾಯ ಇದೆ, ಸರ್ಕಾರವೇ ತಡೆ ಹಾಕಿದೆ ಅಂತ. ಪ್ರಾಮಾಣಿಕವಾಗಿ ಮಾರುವವಳಿಗೆ ಆ ಅನುಮಾನವೇ ಸಾಕು, ಕೆಲಸ ಅಲ್ಲಿಗೆ ನಿಲ್ಲುತ್ತದೆ. ಚೈನ್ ಸ್ಕೀಮ್ ನಡೆಸುವವನಿಗೆ ಏನೂ ಆಗುವುದಿಲ್ಲ. ಅವನು ಪ್ರಕಟಣೆಯನ್ನೇ ಕೊಡುವುದಿಲ್ಲ. ಕೊಟ್ಟರೂ ತಾರೀಖು ಹಿಂದಕ್ಕೆ ಹಾಕಿಸುತ್ತಾನೆ. ಕಾನೂನು ಮುರಿಯಲೆಂದೇ ಹೊರಟವನಿಗೆ ಇನ್ನೊಂದು ಫಾರ್ಮ್ ದೊಡ್ಡ ಅಡ್ಡಿಯಲ್ಲ.

ಆ ಕರಡಿಗೆ 17,000ಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು, ಬಹುಪಾಲು ಬಹುಹಂತದ ಮಾರಾಟದಲ್ಲಿ ಇದ್ದವರಿಂದಲೇ. ಆಯೋಗ ಕೇಳಿಸಿಕೊಂಡಿತು. 2008ರ ಪರಿಷ್ಕೃತ ಕರಡಿನಲ್ಲಿ ಈ ಕಂಪನಿಗಳನ್ನು ಹೊರಗಿಟ್ಟಿತು. 2011ರ ಕೊನೆಯಲ್ಲಿ ಅಂತಿಮಗೊಂಡು 2012ರ ಮಾರ್ಚ್ 1ರಿಂದ ಜಾರಿಗೆ ಬಂದ ನಿಯಮದಲ್ಲೂ ಅವು ಇರಲಿಲ್ಲ. ಪಿರಮಿಡ್ ಇದ್ದರೆ ಈಗಿರುವ ಕಾನೂನಿನಲ್ಲೇ ಒಂದೊಂದಾಗಿ ಹಿಡಿಯುತ್ತೇವೆ ಅನ್ನುವುದು ಆಯೋಗದ ನಿಲುವಾಯಿತು. ಆ ಗೆಲುವು ನ್ಯಾಯವಾದದ್ದು ಅಂತ ನಾನು ಈಗಲೂ ಹೇಳುತ್ತೇನೆ. ಆದರೆ ಆ ಗೆಲುವಿನಿಂದ ಉದ್ಯಮ ಕಲಿತ ಪಾಠ ತಪ್ಪಾಯಿತು. ಜನರಿಂದ ಪತ್ರ ಬರೆಸಿದರೆ ಯಾವ ನಿಯಮವನ್ನೂ ತಡೆಯಬಹುದು ಅಂತ ಅದು ಅಂದುಕೊಂಡಿತು.

ಮಾರುವವರ ಮೇಲೆ ಹೊರೆ ಹೇರುವ ಚಾಳಿ ಇದಕ್ಕಿಂತ ತುಂಬಾ ಹಳೆಯದು. 1931ರಲ್ಲಿ ವಯೋಮಿಂಗ್ ರಾಜ್ಯದ ಗ್ರೀನ್ ರಿವರ್ ಎಂಬ ಊರು, ಮನೆಯವರು ಕರೆಯದೆ ಯಾವ ಮಾರಾಟಗಾರನೂ ಬಾಗಿಲು ತಟ್ಟಬಾರದು ಅಂತ ಕಟ್ಟಳೆ ಮಾಡಿತು. ಅದು ರೈಲ್ವೆ ಊರು. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ಕೆಲಸಗಾರರ ನಿದ್ದೆ ಕೆಡಬಾರದು ಅನ್ನುವುದು ಕೊಟ್ಟ ಕಾರಣ. ಬ್ರಷ್ ಮಾರುತ್ತಿದ್ದ ಫುಲ್ಲರ್ ಕಂಪನಿ ಕೋರ್ಟಿಗೆ ಹೋಯಿತು, 1933ರಲ್ಲಿ ಸೋತಿತು. ನೋಡುನೋಡುತ್ತಾ ನೂರಾರು ಊರುಗಳು ಅದೇ ಕಟ್ಟಳೆಯನ್ನು ನಕಲು ಮಾಡಿದವು. 1951ರಲ್ಲಿ ಲೂಯಿಸಿಯಾನದ ಅಲೆಕ್ಸಾಂಡ್ರಿಯ ಊರಿನ ಇಂಥದ್ದೇ ಕಟ್ಟಳೆಯನ್ನು ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿಯಿತು. ಮನೆಯವರ ನೆಮ್ಮದಿ ದೊಡ್ಡದು, ಒಪ್ಪೋಣ. ಆದರೆ ಇಂಥ ಕಟ್ಟಳೆಗಳಿಂದ ಮನೆಯವರ ಜೊತೆಗೆ ಸ್ಥಳೀಯ ಅಂಗಡಿಕಾರರಿಗೂ ಅನುಕೂಲ ಆಗುತ್ತಿತ್ತು. ಬಂಡವಾಳ ಇಲ್ಲದೆ ಕಾಲ್ನಡಿಗೆಯಲ್ಲಿ ಬರುವ ಪೈಪೋಟಿಗಾರ ಬಾಗಿಲಲ್ಲೇ ನಿಂತುಹೋದ. ನಿಯಮದ ಕಾರಣ ಒಂದು, ಫಲ ಇನ್ನೊಂದು ಆಗುವುದು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ನಡೆದಿದೆ.

ಚೀನಾದ ಉದಾಹರಣೆ ಇದಕ್ಕಿಂತ ದೊಡ್ಡದು. 1998ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ನೇರ ಮಾರಾಟವನ್ನೇ ಒಟ್ಟಾರೆ ನಿಷೇಧಿಸಿತು. ಮೋಸದ ಜಾಲಗಳು ವಿಪರೀತ ಹಬ್ಬಿದ್ದವು, ಅದು ಸುಳ್ಳಲ್ಲ. ನಿಷೇಧದ ನಂತರ ದೊಡ್ಡ ವಿದೇಶಿ ಕಂಪನಿಗಳು ಅಂಗಡಿ ತೆರೆದು ಉಳಿದುಕೊಂಡವು. 2005ರಲ್ಲಿ ಹೊಸ ಕಾಯ್ದೆ ಬಂತು. ಅದರ ಪ್ರಕಾರ ಪರವಾನಗಿ ಬೇಕು, ಕನಿಷ್ಠ 8 ಕೋಟಿ ಯುವಾನ್ ಬಂಡವಾಳ ಬೇಕು, 2 ಕೋಟಿ ಯುವಾನ್ ಠೇವಣಿ ಇಡಬೇಕು. ಮಾರಿದವನ ಕಮಿಷನ್ ಅವನು ಸ್ವತಃ ಮಾರಿದ್ದರ 30 ಶೇಕಡಾ ಮೀರಬಾರದು, ಡೌನ್‌ಲೈನ್ ಲೆಕ್ಕದಲ್ಲಿ ಪ್ರತಿಫಲ ಕೊಡುವಂತಿಲ್ಲ. 8 ಕೋಟಿ ಯುವಾನ್ ಇರುವ ಸಣ್ಣ ಕಂಪನಿ ಯಾವುದಿದೆ ಹೇಳಿ? ಬಾಗಿಲು ದೊಡ್ಡವರಿಗೆ ಮಾತ್ರ ತೆರೆಯಿತು. ಮೋಸದ ಜಾಲ ನಿಂತಿತೇ? ಇಲ್ಲ. 2017ರಲ್ಲೂ, ಇಂಟರ್‌ನೆಟ್‌ನಲ್ಲಿ ಸಿಕ್ಕ ಕೆಲಸದ ಆಮಿಷ ನಂಬಿ ತಿಯಾಂಜಿನ್‌ಗೆ ಹೋದ ಒಬ್ಬ ಯುವ ಪದವೀಧರ ಇಂಥ ಜಾಲಕ್ಕೆ ಸಿಕ್ಕಿ ಸತ್ತ. ದೇಶವೇ ಕೋಪಗೊಂಡಿತು, ಸರ್ಕಾರ ಮತ್ತೆ ದೊಡ್ಡ ಕಾರ್ಯಾಚರಣೆ ಮಾಡಬೇಕಾಯಿತು. ಆ ಜಾಲದವರ ಹತ್ತಿರ ಪರವಾನಗಿ ಇರಲಿಲ್ಲ. ಅವರು ಅದನ್ನು ಕೇಳಲು ಹೋದವರೂ ಅಲ್ಲ. ಪರವಾನಗಿಯ ನಿಯಮ ಎಷ್ಟೇ ಬಿಗಿಯಾಗಿದ್ದರೂ ಅರ್ಜಿ ಹಾಕುವವರನ್ನು ಮಾತ್ರ ಅದು ಹಿಡಿದಿಡಬಲ್ಲದು.

ಭಾರತದ ಕಥೆ ಸ್ವಲ್ಪ ಬೇರೆ, ಅದಕ್ಕೇ ಹೇಳಬೇಕು. ಇಲ್ಲಿ ಬಹಳ ವರ್ಷ ನೇರ ಮಾರಾಟಕ್ಕೆ ಅಂತ ಪ್ರತ್ಯೇಕ ಕಾನೂನೇ ಇರಲಿಲ್ಲ. ಇದ್ದದ್ದು 1978ರ ಪ್ರೈಜ್ ಚಿಟ್ ಮತ್ತು ಹಣ ಚಲಾವಣೆ ಸ್ಕೀಮ್ ನಿಷೇಧ ಕಾಯ್ದೆ. ಚೀಟಿ ಮೋಸ ತಡೆಯಲು ಬಂದ ಆ ಕಾಯ್ದೆಯನ್ನೇ ಪೊಲೀಸರು ಈ ಕಂಪನಿಗಳ ಮೇಲೂ ಹಾಕುತ್ತಿದ್ದರು. 2013ರ ಮೇ ತಿಂಗಳಲ್ಲಿ ಕೇರಳ ಪೊಲೀಸರು ಆಮ್‌ವೇ ಇಂಡಿಯಾದ ಮುಖ್ಯಸ್ಥರನ್ನೇ ಬಂಧಿಸಿದ್ದರು. ಹಾಗಾಗಿ ಭಾರತದಲ್ಲಿ ನಿಯಮ ತನ್ನಿ ಅಂತ ಕೇಳುತ್ತಿದ್ದವರು ಉದ್ಯಮದವರೇ. ಯಾವುದು ಸರಿ, ಯಾವುದು ತಪ್ಪು ಅಂತ ಒಂದು ಗೆರೆ ಹಾಕಿ, ನಾವು ಅದರೊಳಗೆ ಇರುತ್ತೇವೆ ಅನ್ನುವುದು ಅವರ ಬೇಡಿಕೆ. 2016ರಲ್ಲಿ ಮಾರ್ಗಸೂಚಿ ಬಂತು, 2021ರ ಡಿಸೆಂಬರ್ 28ರಂದು ಗ್ರಾಹಕ ರಕ್ಷಣಾ ಕಾಯ್ದೆಯ ಕೆಳಗೆ ನೇರ ಮಾರಾಟದ ನಿಯಮಗಳು ಬಂದವು. ಸೇರಲು ಶುಲ್ಕ ಕೇಳುವಂತಿಲ್ಲ, ಪಿರಮಿಡ್ ನಡೆಸುವಂತಿಲ್ಲ, ದೂರು ಕೇಳುವ ಅಧಿಕಾರಿ ಇರಬೇಕು. ಇವೆಲ್ಲಾ ಕಂಪನಿಗೆ ಹೇಳಿದ್ದು, ಸರಿಯಾಗಿಯೇ ಇವೆ. ಅದರ ಜೊತೆಗೆ ಮಾರುವವರು ಗುರುತಿನ ಚೀಟಿ ಇಲ್ಲದೆ, ಮೊದಲೇ ಸಮಯ ಕೇಳದೆ ಯಾರ ಮನೆಗೂ ಹೋಗಬಾರದು ಅನ್ನುವ ಮಾತೂ ಇದೆ. ಪಕ್ಕದ ಮನೆಗೆ ಹೋಗಿ ಮಾತಾಡುತ್ತಾ ಒಂದು ಡಬ್ಬಿ ತೋರಿಸುವ ಹೆಂಗಸೂ ಕಾಗದದ ಮೇಲೆ ಈ ನಿಯಮ ಮುರಿದ ಹಾಗೇ. ಅವಳನ್ನು ಯಾರೂ ಹಿಡಿಯುವುದಿಲ್ಲ ಅಂತ ಹೇಳಬಹುದು. ಹಿಡಿಯದ ನಿಯಮ ಯಾಕೆ ಬರೆಯಬೇಕು? ಯಾರದೋ ಮೇಲೆ ಸಿಟ್ಟು ಬಂದ ದಿನ ಅದೇ ನಿಯಮ ಹೊರಗೆ ಬರುತ್ತದೆ.

ಇಷ್ಟೆಲ್ಲಾ ಹೇಳಿದ ಮೇಲೆ ಸರ್ಕಾರದ ಕಡೆಯ ವಾದವನ್ನೂ ಪೂರ್ತಿ ಕೇಳಬೇಕು. ಅದರಲ್ಲಿ ಬಲವಿದೆ. ಅಮೆರಿಕದಲ್ಲಿ ಆಯೋಗ ಮತ್ತೆ ನಿಯಮದ ದಾರಿ ಹಿಡಿದದ್ದಕ್ಕೆ ಒಂದು ದೊಡ್ಡ ಕಾರಣ 2021ರ ಏಪ್ರಿಲ್‌ನ ಎಎಂಜಿ ಕ್ಯಾಪಿಟಲ್ ತೀರ್ಪು. ಅದು ಸಾಲ ಕೊಡುವ ಕಂಪನಿಯೊಂದರ ಕೇಸು, ನೇರ ಮಾರಾಟದ್ದಲ್ಲ. ಆದರೆ ಅದರಲ್ಲಿ ಸುಪ್ರೀಂ ಕೋರ್ಟ್, ಆಯೋಗ ಅಲ್ಲಿಯವರೆಗೂ ಬಳಸುತ್ತಿದ್ದ ಕಲಮಿನ ಕೆಳಗೆ ಮೋಸ ಹೋದವರ ದುಡ್ಡು ವಾಪಸ್ ಕೊಡಿಸುವ ಅಧಿಕಾರ ಇಲ್ಲ ಅಂತ ಹೇಳಿಬಿಟ್ಟಿತು. ಆಮೇಲೆ ಉಳಿದ ಸುಲಭ ದಾರಿ ಒಂದೇ. ಮೊದಲು ಒಂದು ನಿಯಮ ಇರಬೇಕು, ಅದನ್ನು ಮುರಿದರೆ ದುಡ್ಡು ಕಕ್ಕಿಸಬಹುದು, ದಂಡ ಹಾಕಬಹುದು. ಅಂದರೆ ನಿಯಮವೇ ಬೇಡ, ಒಂದೊಂದು ಕೇಸಾಗಿ ನೋಡಿ ಅನ್ನುವ 2008ರ ವಾದಕ್ಕೆ ಇದ್ದ ನೆಲ ಈಗ ಕುಸಿದಿದೆ. ಕೇಸು ಗೆದ್ದರೂ ಕಳೆದುಕೊಂಡವರಿಗೆ ದುಡ್ಡು ಸಿಗದಿದ್ದರೆ ಆ ಕೇಸಿನಿಂದ ಅವರಿಗೆ ಏನು ಬಂತು? ಉದ್ಯಮದವರು ಈ ಪ್ರಶ್ನೆಗೆ ನೇರ ಉತ್ತರ ಕೊಟ್ಟದ್ದು ಕಡಿಮೆ.

ಅವರು ಕೊಡುವ ಉತ್ತರ, ನಮಗೆ ನಮ್ಮದೇ ನೀತಿಸಂಹಿತೆ ಇದೆ, ನಮ್ಮದೇ ಕಾವಲು ಸಂಸ್ಥೆ ಇದೆ ಅನ್ನುವುದು. ನಿಜ, 2019ರಿಂದ ಡೈರೆಕ್ಟ್ ಸೆಲ್ಲಿಂಗ್ ಸೆಲ್ಫ್ ರೆಗ್ಯುಲೇಟರಿ ಕೌನ್ಸಿಲ್ ಅಂತ ಒಂದಿದೆ. ಸಾಮಾಜಿಕ ಜಾಲತಾಣಗಳಲ್ಲಿ ಬರುವ ಅತಿರೇಕದ ಆದಾಯದ ಪೋಸ್ಟ್‌ಗಳನ್ನು ಹುಡುಕಿ ತೆಗೆಸುವ ಕೆಲಸ ಮಾಡುತ್ತದೆ. ಒಳ್ಳೆಯ ಕೆಲಸ. ಆದರೆ ಅದು ಯಾರಿಗೂ ದುಡ್ಡು ವಾಪಸ್ ಕೊಡಿಸುವುದಿಲ್ಲ, ಮಾತು ಕೇಳದ ಕಂಪನಿಯನ್ನು ಹೆಚ್ಚೆಂದರೆ ಸರ್ಕಾರಕ್ಕೆ ಒಪ್ಪಿಸಬಹುದು. ಒಪ್ಪಿಸಿದ ಮೇಲೆ ಸರ್ಕಾರದ ಕೈಯಲ್ಲಿ ಏನಾದರೂ ಇರಬೇಕಲ್ಲ.

ಆದಾಯದ ವಿಷಯದಲ್ಲಿ ಉದ್ಯಮದ ಸಮರ್ಥನೆ ಇನ್ನೂ ದುರ್ಬಲ. 2024ರ ಸೆಪ್ಟೆಂಬರ್‌ನಲ್ಲಿ ಎಫ್‌ಟಿಸಿ ಸಿಬ್ಬಂದಿ 70 ಕಂಪನಿಗಳ ಆದಾಯ ಪ್ರಕಟಣೆಗಳನ್ನು ಓದಿ ಒಂದು ವರದಿ ಕೊಟ್ಟರು. ಇವು ಬೇರೆ ಯಾರೋ ಬರೆದದ್ದಲ್ಲ, ಕಂಪನಿಗಳೇ ಪ್ರಕಟಿಸಿದ್ದು. ಅವುಗಳ ಲೆಕ್ಕದಲ್ಲೇ ಹೆಚ್ಚಿನವರ ಕೈಗೆ ವರ್ಷಕ್ಕೆ 1,000 ಡಾಲರ್ ಅಥವಾ ಅದಕ್ಕಿಂತ ಕಡಿಮೆ ಬಂದಿತ್ತು. ತಿಂಗಳಿಗೆ 84 ಡಾಲರ್ ಕೂಡ ಆಗುವುದಿಲ್ಲ. ಅದರಲ್ಲೂ ಖರ್ಚು ಕಳೆದಿಲ್ಲ. ಎಷ್ಟೋ ಪ್ರಕಟಣೆಗಳಲ್ಲಿ ಏನೂ ದುಡಿಯದವರನ್ನು ‘ಸಕ್ರಿಯರಲ್ಲ’ ಅಂತ ಲೆಕ್ಕದಿಂದಲೇ ಬಿಟ್ಟಿದ್ದರು. ದೊಡ್ಡ ಆದಾಯದ ಸಂಖ್ಯೆ ದೊಡ್ಡ ಅಕ್ಷರದಲ್ಲಿ, ಉಳಿದವರ ಕಥೆ ಸಣ್ಣ ಅಕ್ಷರದಲ್ಲಿ. ಮೀಟಿಂಗ್‌ನಲ್ಲಿ ಪರದೆ ಮೇಲೆ ಚೆಕ್ ತೋರಿಸುವಾಗ ಈ ಸಣ್ಣ ಅಕ್ಷರ ಯಾರಿಗೂ ಕಾಣುವುದಿಲ್ಲ.

ಇಲ್ಲಿ ಉದ್ಯಮದ ಒಂದು ಉತ್ತರವನ್ನು ನಾನು ಅರ್ಧ ಒಪ್ಪುತ್ತೇನೆ. ಎಷ್ಟೋ ಜನ ಸೇರುವುದು ದುಡಿಯಲು ಅಲ್ಲ, ತಾವು ಬಳಸುವ ಮಾಲು ಕಡಿಮೆ ಬೆಲೆಗೆ ಸಿಗಲಿ ಅಂತ. ಅವರ ಸೊನ್ನೆ ಆದಾಯವನ್ನು ಸೋಲು ಅಂತ ಎಣಿಸಬಾರದು ಅನ್ನುತ್ತಾರೆ. ಸರಿ. ಹಾಗಾದರೆ ಅವರಿಗೆ ಬೇರೆ ಹೆಸರು ಕೊಡಿ, ಬೇರೆ ಪಟ್ಟಿ ಮಾಡಿ. ರಿಯಾಯಿತಿ ಗಿರಾಕಿ ಬೇರೆ, ವ್ಯಾಪಾರಕ್ಕೆ ಸೇರಿದವರು ಬೇರೆ ಅಂತ ಸೇರುವ ದಿನವೇ ಗುರುತು ಹಾಕಿ. ಎರಡನ್ನೂ ಕಲಸಿಟ್ಟು, ಸೇರಿಸುವಾಗ ಎಲ್ಲರೂ ಉದ್ಯಮಿಗಳು, ಲೆಕ್ಕ ಕೊಡುವಾಗ ಎಲ್ಲರೂ ಗಿರಾಕಿಗಳು ಅನ್ನುವುದನ್ನು ಒಪ್ಪಲು ಆಗುವುದಿಲ್ಲ.

ನನ್ನ ವಾದದ ನಡುಗಂಬ ಇದು. ಕಂಪನಿಯ ಹತ್ತಿರ ಇಡೀ ಲೆಕ್ಕ ಈಗಾಗಲೇ ಇದೆ. ಒಂದು ತಿಂಗಳ ಕಮಿಷನ್ ಹೇಗೆ ಹಂಚುತ್ತಾರೆ ಯೋಚಿಸಿ. ಯಾವ ಐಡಿಯಿಂದ ಎಷ್ಟು ಖರೀದಿ ಆಯಿತು, ಅದಕ್ಕೆ ಎಷ್ಟು ಪಾಯಿಂಟ್, ಅದು ಯಾರ ಕೆಳಗಿದೆ, ಯಾವ ಲೆಗ್‌ನಲ್ಲಿದೆ (ಅಂದರೆ ಡೌನ್‌ಲೈನ್‌ನ ಯಾವ ಕವಲಿನಲ್ಲಿದೆ), ಮೇಲಿನ ಎಷ್ಟು ಹಂತಕ್ಕೆ ಎಷ್ಟೆಷ್ಟು ಶೇಕಡಾ ಹೋಗಬೇಕು, ಯಾರು ಈ ತಿಂಗಳ ಕನಿಷ್ಠ ಖರೀದಿ ಮಾಡಿಲ್ಲ, ಅವರ ಪಾಲು ಯಾರಿಗೆ ಸರಿಯಿತು, ಇಷ್ಟನ್ನೂ ಕಂಪನಿಯ ಕಂಪ್ಯೂಟರ್ ಲಕ್ಷಾಂತರ ಜನರಿಗೆ ಪೈಸೆ ತಪ್ಪದೆ ಲೆಕ್ಕ ಹಾಕುತ್ತದೆ. ಅಷ್ಟು ಲೆಕ್ಕ ಮಾಡುವ ಕಂಪನಿಗೆ, ಕಳೆದ ವರ್ಷ ಸೇರಿದವರಲ್ಲಿ ಎಷ್ಟು ಜನ ಕಟ್ಟಿದ್ದಕ್ಕಿಂತ ಜಾಸ್ತಿ ಪಡೆದರು ಅಂತ ಹೇಳುವುದು ದೊಡ್ಡ ಹೊರೆಯಲ್ಲ. ಅದು ಒಂದು ಪಟ್ಟಿ, ಒಂದು ಗುಂಡಿ ಒತ್ತಿದರೆ ಬರುತ್ತದೆ. ಮಾರುವವಳ ಹತ್ತಿರ ಇರುವುದು ಒಂದು ನೋಟ್‌ಬುಕ್, ಒಂದು ಫೋನ್. ಹತ್ತು ವರ್ಷದ ಮೊಕದ್ದಮೆ ಪಟ್ಟಿಯನ್ನು ಅವಳು ಎಲ್ಲಿಂದ ತರಬೇಕು?

ಆದ್ದರಿಂದ ಆದಾಯದ ಪುರಾವೆ ಕೇಳುವ ನಿಯಮ ಬರಲಿ, ಆದರೆ ಪುರಾವೆ ತಯಾರಿಸುವುದು, ಇಡುವುದು, ಪ್ರಕಟಿಸುವುದು ಕಂಪನಿಯ ಜವಾಬ್ದಾರಿ ಅಂತ ಸ್ಪಷ್ಟವಾಗಿ ಬರೆದಿರಲಿ. ಮಾರುವವರಿಗೆ ಒಂದೇ ಮಾತು ಸಾಕು: ಕಂಪನಿ ಪ್ರಕಟಿಸಿದ ಪಟ್ಟಿ ಬಿಟ್ಟು ಬೇರೆ ಆದಾಯದ ಸಂಖ್ಯೆ ಹೇಳಬೇಡಿ. ಅದನ್ನು ಯಾರಾದರೂ ಪಾಲಿಸಬಹುದು.

ಇದು ಆಗದ ಮಾತಲ್ಲ, ಆಗಿದೆ. 2016ರಲ್ಲಿ ಹರ್ಬಲೈಫ್ ಎಂಬ ಬಹುಹಂತದ ಮಾರಾಟ ಕಂಪನಿಯ ಜೊತೆ ಎಫ್‌ಟಿಸಿ ಮಾಡಿಕೊಂಡ ರಾಜಿಯನ್ನು ನೋಡಿ. ಕಂಪನಿ 20 ಕೋಟಿ ಡಾಲರ್ ಕಟ್ಟಿತು, ಮುಂದಿನ ಜನವರಿಯಲ್ಲಿ ಸುಮಾರು 3,50,000 ಜನರಿಗೆ ಚೆಕ್ ಹೋಯಿತು. ದುಡ್ಡಿಗಿಂತ ಮುಖ್ಯವಾದದ್ದು ಷರತ್ತುಗಳು. ಕೊಡುವ ಪ್ರತಿಫಲದಲ್ಲಿ ಕನಿಷ್ಠ ಮೂರರಲ್ಲಿ ಎರಡು ಪಾಲು ರಸೀದಿ ಸಮೇತ ಪರಿಶೀಲಿಸಿದ, ಹೊರಗಿನ ಗಿರಾಕಿಗೆ ಆದ ಮಾರಾಟದ ಮೇಲೇ ಇರಬೇಕು. ಸ್ವಂತ ಬಳಕೆಯ ಖರೀದಿಗೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಲೆಕ್ಕವಿಲ್ಲ. ರಿಯಾಯಿತಿಗೆ ಸೇರಿದವರನ್ನು, ವ್ಯಾಪಾರಕ್ಕೆ ಸೇರಿದವರನ್ನು ಬೇರೆ ಬೇರೆ ಮಾಡಬೇಕು. ಕಂಪನಿ ಮುಳುಗಿಹೋಗುತ್ತದೆ ಅಂದವರಿದ್ದರು. ಮುಳುಗಲಿಲ್ಲ, ಇವತ್ತಿಗೂ ನಡೆಯುತ್ತಿದೆ. ಈ ಷರತ್ತುಗಳಲ್ಲಿ ಯಾವುದೂ ಮಾರುವವರನ್ನು ಏಳು ದಿನ ಕಾಯಿಸುವುದಿಲ್ಲ, ಯಾರ ಫೋನ್ ನಂಬರ್ ಅನ್ನೂ ಹಂಚುವುದಿಲ್ಲ. ರಸೀದಿ ಬರೆಯುವ ಕೆಲಸ ಮಾರುವವರಿಗೆ ಬಂತು, ನಿಜ. ಅದು ಯಾವ ವ್ಯಾಪಾರದಲ್ಲಿ ಇಲ್ಲ?

ಕಾಯುವ ದಿನದ ಬದಲು ವಾಪಸ್ ಕೊಡುವ ಹಕ್ಕು ಬೇಕು ಅನ್ನುವುದು ನನ್ನ ಇನ್ನೊಂದು ಮಾತು. ಗಿರಾಕಿಗೆ ಇದು ಎಂದೋ ಸಿಕ್ಕಿದೆ. ಅಮೆರಿಕದಲ್ಲಿ 1970ರ ದಶಕದಿಂದ ಮನೆಬಾಗಿಲಲ್ಲಿ ಕೊಂಡದ್ದನ್ನು ಮೂರು ಕೆಲಸದ ದಿನದೊಳಗೆ ರದ್ದು ಮಾಡಬಹುದು. ಯುರೋಪ್ ಒಕ್ಕೂಟದಲ್ಲಿ 1985ರಲ್ಲಿ ಕನಿಷ್ಠ ಏಳು ದಿನ ಇದ್ದದ್ದು 2011ರ ನಿರ್ದೇಶನದಿಂದ ಹದಿನಾಲ್ಕು ದಿನ ಆಯಿತು. ಮಾರಲು ಸೇರಿದವರಿಗೆ ಇಷ್ಟು ಸಾಲದು. ಮಾಲು ಹೋಗುತ್ತಾ, ಹೋಗಲ್ವಾ ಅಂತ ಗೊತ್ತಾಗಲು ತಿಂಗಳುಗಳು ಬೇಕು. ಅಮೆರಿಕದಲ್ಲಿ ಈ ಉದ್ಯಮದ ಸಂಘಟನೆಯಾದ ಡೈರೆಕ್ಟ್ ಸೆಲ್ಲಿಂಗ್ ಅಸೋಸಿಯೇಷನ್‌ನ ಸಂಹಿತೆಯಲ್ಲೇ ಒಂದು ಒಳ್ಳೆಯ ಕಟ್ಟುಪಾಡು ಇದೆ. ಬಿಟ್ಟುಹೋಗುವವರು ಹನ್ನೆರಡು ತಿಂಗಳೊಳಗೆ ಕೊಂಡ, ಮಾರಲು ಯೋಗ್ಯವಾದ ಮಾಲನ್ನು ಕೊಟ್ಟ ಬೆಲೆಯ 90 ಶೇಕಡಾಗೆ ಕಂಪನಿ ವಾಪಸ್ ತೆಗೆದುಕೊಳ್ಳಬೇಕು. ಇದು ಸಂಹಿತೆಯಲ್ಲಿ ಇದ್ದರೆ ಸದಸ್ಯ ಕಂಪನಿಗಳಿಗೆ ಮಾತ್ರ. ಕಾನೂನಾದರೆ ಎಲ್ಲರಿಗೂ.

ಈ ಒಂದು ನಿಯಮದ ಬಲ ಎಷ್ಟು ಅಂತ ಬಿಡಿಸಿ ನೋಡಿ. ಲೀಡರ್ ಒಬ್ಬ ಹೊಸಬರ ತಲೆಗೆ ಬೇಕಾದ್ದಕ್ಕಿಂತ ಜಾಸ್ತಿ ಮಾಲು ಕಟ್ಟುತ್ತಾನೆ, ಅದರ ಮೇಲೆ ಅವನಿಗೆ ಕಮಿಷನ್. ಹೊಸಬರ ಮನೆಯ ಮೂಲೆಯಲ್ಲಿ ಡಬ್ಬಿಗಳು ಬಿದ್ದಿರುತ್ತವೆ. ವಾಪಸಾತಿ ಕಾನೂನಾಗಿದ್ದರೆ ಆ ಡಬ್ಬಿಗಳು ಕಂಪನಿಗೆ ಹೋಗುತ್ತವೆ, ಕಂಪನಿ ಅದೇ ಕಮಿಷನ್ ಅನ್ನು ಲೀಡರ್‌ನಿಂದ ಕಡಿದುಕೊಳ್ಳುತ್ತದೆ. ಮುಂದಿನ ಸಲ ಕಟ್ಟುವ ಮೊದಲು ಅವನೇ ಯೋಚಿಸುತ್ತಾನೆ. ಬರೀ ಸೇರಿಸುವಿಕೆಯ ದುಡ್ಡಿನ ಮೇಲೆ ನಡೆಯುವ ಚೈನ್‌ಗೆ ಈ ನಿಯಮ ಪಾಲಿಸಲು ಸಾಧ್ಯವೇ ಇಲ್ಲ, ಯಾಕೆಂದರೆ ಬಂದ ದುಡ್ಡು ಬಂದ ದಿನವೇ ಮೇಲಕ್ಕೆ ಹೋಗಿರುತ್ತದೆ. ಎರಡು ದೂರು ಬಂದರೆ ಬಣ್ಣ ಬಯಲಾಗುತ್ತದೆ. ಏಳು ದಿನದ ಕಾಯುವಿಕೆಯಿಂದ ಇದು ಆಗುವುದಿಲ್ಲ.

ಕಂಪನಿಗೆ ಖರ್ಚು ಹೆಚ್ಚಾದರೆ ಅದು ಬೆಲೆಗೆ ಸೇರುತ್ತದೆ, ಕೊನೆಗೆ ಹೊರೆ ಬೀಳುವುದು ಅದೇ ಮಾರುವವಳ ಮೇಲೆ ಅನ್ನುವ ಆಕ್ಷೇಪ ಇದೆ. ಸ್ವಲ್ಪ ಮಟ್ಟಿಗೆ ನಿಜ. ಆದರೆ ಲೆಕ್ಕದ ಪಟ್ಟಿಯ ಖರ್ಚು ಒಮ್ಮೆ ಬರುವಂಥದ್ದು, ಲಕ್ಷ ಜನರ ಮೇಲೆ ಹಂಚಿಹೋಗುತ್ತದೆ. ಫಾರ್ಮ್ ಮತ್ತು ಕಾಯುವಿಕೆಯ ಖರ್ಚು ಪ್ರತಿ ಹೊಸಬರಿಗೂ, ಪ್ರತಿ ಸಲವೂ, ಒಬ್ಬರೇ ಹೊರಬೇಕು. ಹೊಸದಾಗಿ ಶುರುವಾದ ಸಣ್ಣ ಕಂಪನಿಗಳಿಗೆ ವಾಪಸಾತಿ ಭಾರವಾಗಬಹುದು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಮಾರಾಟಕ್ಕೆ ತಕ್ಕ ಹಾಗೆ ಒಂದು ಸಣ್ಣ ಪಾಲನ್ನು ಇದಕ್ಕೆಂದು ಎತ್ತಿಟ್ಟರೆ ಅದು ನಿಭಾಯಿಸಬಹುದಾದ ಭಾರ. 8 ಕೋಟಿ ಯುವಾನ್ ಬಂಡವಾಳದ ಷರತ್ತು ಹಾಗಲ್ಲ, ಅದು ಸಣ್ಣವರನ್ನು ಒಳಗೇ ಬಿಡುವುದಿಲ್ಲ.

ಇನ್ನು ನಿಜವಾದ ಕದನ ನಡೆಯಬೇಕಾದ ಜಾಗ ಬೇರೆ ಇದೆ, ಅಲ್ಲಿ ನನಗೂ ಉದ್ಯಮಕ್ಕೂ ನೇರ ಭಿನ್ನಾಭಿಪ್ರಾಯ. ಸೇರಿದವರು ತಾವೇ ಬಳಸಲು ಕೊಂಡ ಮಾಲನ್ನು ಕೊನೆಯ ಗಿರಾಕಿಗೆ ಆದ ಮಾರಾಟ ಅಂತ ಎಣಿಸಬೇಕೇ? ಪೂರ್ತಿ ಎಣಿಸಿ ಅನ್ನುವುದು ಕಂಪನಿಗಳ ಆಸೆ. ಅಮೆರಿಕದ ಸಂಸತ್ತಿನಲ್ಲಿ 2016ರಲ್ಲಿ, ಮತ್ತೆ 2017ರಲ್ಲಿ ಇದೇ ಅರ್ಥ ಬರುವ ಮಸೂದೆಗಳು ಬಂದವು, ಪಾಸಾಗಲಿಲ್ಲ. ಪಾಸಾಗದೇ ಇದ್ದದ್ದು ಒಳ್ಳೆಯದಾಯಿತು. ಪೂರ್ತಿ ಎಣಿಸಿದರೆ ಪ್ರತಿ ತಿಂಗಳ ಕನಿಷ್ಠ ಖರೀದಿಯೂ ಮಾರಾಟವೇ ಆಗಿಬಿಡುತ್ತದೆ, ಕಮಿಷನ್ ಅರ್ಹತೆ ಉಳಿಸಿಕೊಳ್ಳಲು ಬೇಡದ ಡಬ್ಬಿ ಕೊಂಡವರೂ ತೃಪ್ತ ಗಿರಾಕಿ ಅಂತ ಲೆಕ್ಕಕ್ಕೆ ಬರುತ್ತಾರೆ. ಏನೂ ಎಣಿಸಬೇಡಿ ಅನ್ನುವುದೂ ಅನ್ಯಾಯ, ಇಷ್ಟಪಟ್ಟು ಬಳಸುವವರು ನಿಜಕ್ಕೂ ಇದ್ದಾರೆ. ಹರ್ಬಲೈಫ್ ರಾಜಿಯ ಮೂರರಲ್ಲಿ ಒಂದು ಪಾಲಿನ ಮಿತಿ ನನಗೆ ಸರಿ ಕಾಣುತ್ತದೆ, ಅದಕ್ಕೆ ಇನ್ನೊಂದು ಷರತ್ತು ಸೇರಿಸಬೇಕು: ಕಮಿಷನ್ ಸಿಗಲು ಇಷ್ಟು ಕೊಳ್ಳಲೇಬೇಕು ಅಂತ ಕಡ್ಡಾಯ ಮಾಡಿದ ಖರೀದಿ ಆ ಮೂರರಲ್ಲಿ ಒಂದು ಪಾಲಿಗೂ ಬರಬಾರದು. ಮುಂದಿನ ಕರಡಿಗೆ ಆಕ್ಷೇಪಣೆ ಬರೆಯುವ ಮಾರಾಟಗಾರರು ಅಪ್‌ಲೈನ್ ಕಳಿಸಿದ ಸಿದ್ಧ ಪತ್ರಕ್ಕೆ ಸಹಿ ಹಾಕುವ ಬದಲು, ಕಳೆದ ಮೂರು ತಿಂಗಳಲ್ಲಿ ತಾವು ಕೊಂಡದ್ದೆಷ್ಟು, ಹೊರಗಿನವರಿಗೆ ಮಾರಿದ್ದೆಷ್ಟು, ಬರೀ ಅರ್ಹತೆಗಾಗಿ ಕೊಂಡದ್ದೆಷ್ಟು ಅಂತ ಬರೆದು ಕಳಿಸಲಿ.